ಸಂಶಯಕ್ಕೂ ಆಧಾರ ಬೇಕು

ಎಲ್ಲವನ್ನೂ ಸಂಶಯಿಸುವುದೇ ಬುದ್ಧಿವಂತಿಕೆಯೆಂಬ ಭಾವನೆ ನಮ್ಮ ಜನರಲ್ಲಿ ಬೆಳೆಯುತ್ತಿದೆ. 'ಯಾವುದನ್ನು ನಂಬುವುದು ಸ್ವಾಮೀ, ಎಲ್ಲವೂ ಮೋಸ' ಎಂಬ ಮಾತನ್ನು ಹೋಟೆಲಿನಲ್ಲಿಯೂ ಲೋಕಲ್ ರೈಲಿನಲ್ಲಿಯೂ ನಿತ್ಯ ಕೇಳುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕುದೆಂಬುದನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯ.

ಸಂಶಯವಾದ ಹೊಸತೇನಲ್ಲ. ಪ್ರತ್ಯಕ್ಷವನ್ನೂ ಅನುಮಾನವನ್ನೂ ಪ್ರಮಾಣವೆಂದು ಒಪ್ಪದ ಜಯರಾಶಿ ಭಟ್ಟನು 'ತತ್ತ್ವೋಪಪ್ಲವಸಿಂಹ'ವೆಂಬ ಗ್ರಂಥವನ್ನೇ ರಚಿಸಿದನು. ಫ್ರಾನ್ಸಿನ ದೆಕಾರ್ತನು 1641ರಲ್ಲಿ, ತಾನು ಕಾಣುತ್ತಿರುವುದೆಲ್ಲ ಕನಸಾಗಿರಬಾರದೇಕೆಂದು ಪ್ರಶ್ನಿಸಿದನು. ಇವರ ಪ್ರಶ್ನೆಗಳು ಹಗುರವಾದುವಲ್ಲ. ಕಣ್ಣು ಒಮ್ಮೊಮ್ಮೆ ಹಗ್ಗವನ್ನು ಹಾವಾಗಿ ತೋರಿಸುವುದು ನಿಜ. ಆದರೆ ದೀಪ ತಂದು ನೋಡಿ, ಅದು ಹಗ್ಗವೆಂದು ತಿಳಿಸಿದುದೂ ಅದೇ ಕಣ್ಣಲ್ಲವೇ?

ನಮ್ಮ ನೈಯಾಯಿಕರಾದ ಉದಯನಾಚಾರ್ಯರೂ ಅವರ ತರುವಾಯ ಗಂಗೇಶೋಪಾಧ್ಯಾಯರೂ ಸಂಶಯಕ್ಕೆ ಒಂದು ಎಲ್ಲೆಯನ್ನು ತೋರಿಸಿದರು. ಸಂಶಯಿಸುವವನ ನಡತೆಯೇ ಅವನ ಸಂಶಯವನ್ನು ಅಲ್ಲಗಳೆಯುವಲ್ಲಿ ಆ ಸಂಶಯ ನಿಲ್ಲಬೇಕು. ಅನ್ನದಿಂದ ಹಸಿವು ಹಿಂಗುವುದೋ ಇಲ್ಲವೋ ಎಂದು ವಾದಿಸುವವನೂ ಮಧ್ಯಾಹ್ನವಾಯಿತೆಂದರೆ ಊಟದ ಎಲೆಯನ್ನೇ ಹುಡುಕುತ್ತಾನಷ್ಟೆ.

ಗಲ್ಲಾದಲ್ಲಿ ಕುಳಿತವರಿಗೆ ಈ ತತ್ತ್ವ ಕಷ್ಟವಾಗದು. ಖೋಟಾ ನಾಣ್ಯವಿದೆಯೆಂದರೆ ಅಸಲು ನಾಣ್ಯವೂ ಇರಲೇಬೇಕು. ಇಂಗ್ಲೆಂಡಿನ ಗಿಲ್ಬರ್ಟ್ ರೈಲ್ 1954ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದೇ ವಾದವನ್ನು ಹೂಡಿದರು. 2016ನೆಯ ನವೆಂಬರ್ 8ರ ರಾತ್ರಿ, ಅಂದಿನ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದುವೆಂಬ ಘೋಷಣೆ ಬಂದಿತು. ಹಗಲೆಲ್ಲ ನಿಸ್ಸಂಶಯವಾಗಿ ಎಣಿಸಿದ ನೋಟನ್ನು ಮರುದಿನ ನಾವು ಮುಟ್ಟಲಿಲ್ಲ. ಏಕೆ? ಆ ಘೋಷಣೆಯನ್ನು ನಂಬಿದುದರಿಂದ. ಒಂದು ನಂಬಿಕೆ ಉರುಳಿದುದು ಇನ್ನೊಂದು ನಂಬಿಕೆಯ ಬಲದಿಂದಲೇ. ತಿರುಗಣಿ ಅಲುಗದೆ ನಿಂತರೆ ಮಾತ್ರ ಬಾಗಿಲು ತಿರುಗುವುದೆಂದು, 1951ರಲ್ಲಿ ತೀರಿಕೊಂಡ ವಿಟ್ಗೆನ್‌ಸ್ಟೈನ್ ಎಂಬ ತತ್ತ್ವಜ್ಞರು ತಮ್ಮ ಕೊನೆಯ ಟಿಪ್ಪಣಿಗಳಲ್ಲಿ ಹೇಳಿದುದರ ಮರ್ಮ ಇದೇ.

ಇದು ಪಂಡಿತರ ಜಗಲಿಯ ಚರ್ಚೆ ಮಾತ್ರವಲ್ಲ. ರಾತ್ರಿ ಲೆಕ್ಕದಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂದಿತೆನ್ನೋಣ. ಒಡನೆಯೇ ಎಲ್ಲರ ದೃಷ್ಟಿ ಮೊನ್ನೆ ಊರಿನಿಂದ ಬಂದ ಮಾಣಿಯ ಮೇಲೆ! ಅವನು ಬಡವ, ಹೊಸಬ ಎಂಬುದು ಯಾವ ಪ್ರಮಾಣ? ಬಿಲ್ಲುಗಳನ್ನು ಮತ್ತೆ ಕೂಡಿಸಿ ನೋಡಿದ್ದೇವೆಯೇ? ಚಿಲ್ಲರೆ ಹೆಚ್ಚಾಗಿ ಹೋಗಿದೆಯೇ? ಹಣ ಕಳುಹಿಸಿದೆನೆಂದು ಮೊಬೈಲು ತೋರಿಸಿ ಎದ್ದುಹೋದವರ ಹಣ ನಿಜವಾಗಿ ಜಮೆಯಾಗಿದೆಯೇ? ಇದಾವುದನ್ನೂ ವಿಚಾರಿಸದೆ ಹುಡುಗನ ಪೆಟ್ಟಿಗೆ ತೆರೆಸುವುದು ವಿವೇಕವಲ್ಲ, ಅನ್ಯಾಯ. ವಿಚಿತ್ರವೇನೆಂದರೆ, 'ಎಲ್ಲವೂ ಮೋಸ' ಎನ್ನುವ ಮಹನೀಯರೇ ಊರು ಹೆಸರಿಲ್ಲದ ವಾಟ್ಸಾಪ್ ಸಂದೇಶವನ್ನು ನಂಬಿ ಹತ್ತು ಮಂದಿಗೆ ರವಾನಿಸುತ್ತಾರೆ.

ನಂಬುವವನಂತೆ ಸಂಶಯಿಸುವವನೂ ಕಾರಣ ಕೊಡಬೇಕಾದವನೇ. ಪರವೂರಿನಲ್ಲಿ ದುಡಿದು ತಿನ್ನುವ ಹುಡುಗನೊಬ್ಬನ ಅನ್ನವೂ ಮಾನವೂ ನಮ್ಮ ಒಂದು ಮಾತನ್ನು ಅವಲಂಬಿಸಿರುವಾಗ, ಆ ಕಾರಣವನ್ನು ಮೊದಲು ನಮ್ಮೊಳಗೇ ಕೇಳಿಕೊಳ್ಳುವುದು ಯಜಮಾನರಿಗೂ ಸಹೋದ್ಯೋಗಿಗಳಿಗೂ ಕರ್ತವ್ಯವೆಂದು ನಾವು ತಿಳಿಯುತ್ತೇವೆ.