ಹವಳ ಷೋಕೇಸಿನ ಗೊಂಬೆಯಲ್ಲ

ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಒಂದು ಕಾಲಕ್ಕೆ ಲಕ್ಷ್ಮಿಯ ಪಟ, ಅದರೆದುರು ಎರಡು ಊದುಬತ್ತಿ ಇರುತ್ತಿತ್ತು. ಪಟ ಈಗಲೂ ಇದೆ. ಆದರೆ ಮಂಗಳೂರಿನ ಕೆಲವು ಅಂಗಡಿಗಳಲ್ಲಿ ಅದರ ಪಕ್ಕಕ್ಕೆ ಗಾಜಿನ ಪೆಟ್ಟಿಗೆಯೊಂದು ಬಂದು ಕೂತಿದೆ. ಮೊದಲು ಅದರಲ್ಲಿ ಸಿಹಿನೀರು, ಗೋಲ್ಡ್ ಫಿಶ್. ಈಗ ಉಪ್ಪುನೀರು, ನೀಲಿ ದೀಪ, ಅದರೊಳಗೆ ಅಣಬೆಯ ಹಾಗೆ ಅರಳಿ ನಿಂತ ‘ಸಾಫ್ಟ್ ಕೋರಲ್’, ಅರ್ಥಾತ್ ಮೆತ್ತನೆ ಹವಳ.

“ಇದೆಂತ ಮಾರಾಯ್ರೇ, ಪ್ಲಾಸ್ಟಿಕ್ಕಾ?” ಎಂದು ಗಿರಾಕಿ ಕೇಳುತ್ತಾನೆ.

“ಪ್ಲಾಸ್ಟಿಕ್ ಅಲ್ಲ, ಜೀವ ಉಂಟು ಅದಕ್ಕೆ” ಎಂದು ಧಣಿಗಳು ಹೆಮ್ಮೆಯಿಂದ ಹೇಳುತ್ತಾರೆ.

ಎರಡು ತಿಂಗಳು ಬಿಟ್ಟು ಅದೇ ಗಿರಾಕಿ ಬರುತ್ತಾನೆ. ಪೆಟ್ಟಿಗೆಯಲ್ಲಿ ನೀರಿದೆ, ದೀಪವಿದೆ, ಅಣಬೆ ಇಲ್ಲ. “ಹೋಯ್ತು ಮಾರಾಯ್ರೇ, ಕರಗಿ ಹೋಯ್ತು. ಇನ್ನೊಂದು ತರಿಸ್ತೇನೆ.”

ತಕರಾರು ಇರುವುದು ಈ ಕೊನೆಯ ಮಾತಿನಲ್ಲಿ. ಇನ್ನೊಂದು ತರಿಸುವುದು ಎಲ್ಲಿಂದ? ಮತ್ತೆ ಅದೂ ಕರಗಿದರೆ ಮೂರನೆಯದು ಎಲ್ಲಿಂದ?

ಮೊದಲು ಅದು ಏನೆಂದು ತಿಳಿಯಬೇಕು. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಮೆತ್ತನೆ ಹವಳದಲ್ಲಿ ಸಣ್ಣ ಸಣ್ಣ ಜೀವಿಗಳು ಒಟ್ಟು ಕುಟುಂಬವಾಗಿ ಬದುಕುತ್ತವೆ. ಒಂದೊಂದಕ್ಕೂ ಎಂಟೆಂಟು ಎಳೆಕೈಗಳು. ಗಟ್ಟಿ ಹವಳದ ಹಾಗೆ ಇದು ಸುಣ್ಣದ ಕೋಟೆ ಕಟ್ಟುವುದಿಲ್ಲ. ಮೈಯೊಳಗೆ ಸುಣ್ಣದ ಸಣ್ಣ ಮುಳ್ಳುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಮನೆಯ ಟ್ಯಾಂಕಿಗೆ ಬರುವ ಹೆಚ್ಚಿನ ಜಾತಿಗಳ ಮೈಯಲ್ಲಿ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಕೂತಿದೆ. ಆ ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಧಣಿಗೆ ಪಾಲು ಕೊಡುತ್ತದೆ. ಬಾಡಿಗೆಯೂ ಅದೇ, ಊಟವೂ ಅದೇ. ಆದ್ದರಿಂದ ಇದಕ್ಕೆ ದಿನಾ ತಿಂಡಿ ಹಾಕುವ ಅಗತ್ಯ ಕಡಿಮೆ. ಬೇಕಾದದ್ದು ದಿನಕ್ಕೆ ಎಂಟರಿಂದ ಹತ್ತು ಗಂಟೆ ಹದವಾದ ಬೆಳಕು, ನಿಲ್ಲದೆ ಓಡಾಡುವ ನೀರು, ಮತ್ತೆ ನೀರಿನ ಹದ.

ಈ ನೀರಿನಲ್ಲೇ ಮಂಗಳೂರಿಗರು ಮುಗ್ಗರಿಸುವುದು. “ಕಡಲು ಕೂಗಳತೆಯಲ್ಲಿ ಉಂಟು. ತಣ್ಣೀರುಬಾವಿಗೆ ಹೋಗಿ ಎರಡು ಕ್ಯಾನು ತುಂಬಿಸಿ ತಂದರಾಯ್ತಲ್ಲ?” ಎಂಬುದು ಎಲ್ಲರ ಲೆಕ್ಕ. ಮಳೆಗಾಲದಲ್ಲಿ ಈ ಲೆಕ್ಕ ಪೂರ್ತಿ ತಪ್ಪು. ನೇತ್ರಾವತಿ, ಫಲ್ಗುಣಿ ಎರಡೂ ಕೆಂಪುನೀರು ತುಂಬಿಕೊಂಡು ಅಳಿವೆಬಾಗಿಲಲ್ಲಿ ಕಡಲಿಗೆ ಬೀಳುತ್ತವೆ. ದಡದ ನೀರಿನ ಉಪ್ಪು ಇಳಿಯುತ್ತದೆ, ಮಣ್ಣು ಏರುತ್ತದೆ, ಊರಿನ ಕೊಳಕೂ ಜೊತೆಗೆ ಬರುತ್ತದೆ. ಹವಳಕ್ಕೆ ಬೇಕಾದದ್ದು ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ ಉಪ್ಪಿರುವ ತಿಳಿನೀರು. ಅಡುಗೆ ಉಪ್ಪು ಕರಗಿಸಿದರೆ ನಡೆಯದು. ಕಡಲಿನ ಉಪ್ಪಿನಲ್ಲಿ ಸುಣ್ಣ, ಮೆಗ್ನೀಷಿಯಂ ಮುಂತಾದ ಹತ್ತಾರು ಪದಾರ್ಥ ಸೇರಿವೆ. ಅಕ್ವೇರಿಯಂಗೆಂದೇ ಮಾಡಿದ ಉಪ್ಪನ್ನು ಶುದ್ಧ ಮಾಡಿದ ಆರ್‌ಒ ನೀರಿನಲ್ಲಿ ಕರಗಿಸಿ, ಅಳತೆ ಮಾಡುವ ಉಪಕರಣದಲ್ಲಿ ನೋಡಿ ಬಿಡಬೇಕು. ಕಣ್ಣಂದಾಜು, ನಾಲಗೆ ಅಂದಾಜು ಇಲ್ಲಿ ಪ್ರಯೋಜನಕ್ಕಿಲ್ಲ.

ಇನ್ನೊಂದು ತಪ್ಪು, ನೀರು ಇಂಗಿದಾಗ ಮತ್ತೆ ಉಪ್ಪುನೀರನ್ನೇ ಹೊಯ್ಯುವುದು. ಸಾರು ಬತ್ತಿದರೆ ಉಪ್ಪು ಜಾಸ್ತಿಯಾಗುತ್ತದೆ ಎಂಬುದು ಅಡುಗೆ ಮನೆಯ ಹೆಂಗಸರಿಗೆ ಗೊತ್ತು, ಅಂಗಡಿಯ ಗಂಡಸರಿಗೆ ಮರೆತುಹೋಗುತ್ತದೆ! ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಅಲ್ಲೇ ಕೂತಿರುತ್ತದೆ. ಇಂಗಿದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ಬೇಕಾಗುವುದು ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ಹಳೆನೀರು ತೆಗೆದು ಹೊಸನೀರು ಹಾಕುವಾಗ ಮಾತ್ರ.

ಮೂರನೆಯದು ಸೆಕೆ. ಟ್ಯಾಂಕಿನ ನೀರು 24ರಿಂದ 26 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹವಳ ಸುಖಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮನುಷ್ಯರೇ ಬೇಯುತ್ತಾರೆ. ತಗಡಿನ ಮಾಡಿನ ಅಂಗಡಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಗಾಜಿನ ಪೆಟ್ಟಿಗೆಯ ಗತಿ ಏನು? ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬೀಸಿದರೆ ಒಂದೆರಡು ಡಿಗ್ರಿ ಇಳಿದೀತು. ಕಡುಬೇಸಿಗೆಗೆ ನೀರು ತಂಪು ಮಾಡುವ ಯಂತ್ರವೇ ಬೇಕು. ಮಳೆಗಾಲದ ರಾತ್ರಿ ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿನಲ್ಲಿ ಪ್ರಾಣವಾಯು ಇಳಿಯುತ್ತದೆ. ಬ್ಯಾಟರಿಯ ಗಾಳಿ ಪಂಪೊಂದು ಕೈಯಲ್ಲಿರಬೇಕು. ಇಷ್ಟು ಖರ್ಚು ಆಗದು ಎಂದಾದರೆ ಗೋಲ್ಡ್ ಫಿಶ್‌ಗೆ ಏನು ಕಡಿಮೆಯಾಗಿದೆ?

ನಾಲ್ಕನೆಯದು ಅವಸರ. ಬೆಳಿಗ್ಗೆ ಟ್ಯಾಂಕು, ಸಂಜೆ ಹವಳ ಎಂದರೆ ಮಾರನೇ ವಾರ ತಿಥಿ. ಮೀನಿನ ಹೊಲಸು, ಉಳಿದ ತಿಂಡಿ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಅದನ್ನು ನೈಟ್ರೈಟ್ ಮಾಡಿ, ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಕಲ್ಲು, ಮರಳಿನಲ್ಲಿ ನೆಲೆಯೂರಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಖಾಲಿ ನೀರನ್ನು ನೋಡಿಕೊಂಡು ಕೂರುವ ತಾಳ್ಮೆ ಇದ್ದವನಿಗೆ ಮಾತ್ರ ಈ ಹವ್ಯಾಸ.

ಬದುಕಿರುವುದನ್ನೇ ಸತ್ತಿತೆಂದು ಎಸೆಯುವವರೂ ಇದ್ದಾರೆ. ಸಾರ್ಕೊಫೈಟಾನ್ ಎಂಬ ಅಣಬೆ ಆಕಾರದ ಹವಳ ಆಗಾಗ ಮುದುಡಿಕೊಂಡು, ಮೇಣದಂಥ ಪೊರೆ ಬಿಟ್ಟು, ಕೆಲವು ದಿನ ಮುಖ ಗಂಟಿಕ್ಕಿ ಕೂರುತ್ತದೆ. ಹಾವು ಪೊರೆ ಬಿಟ್ಟ ಹಾಗೆ ಅದು. ಕೊಳೆತ ವಾಸನೆ ಬಾರದಿದ್ದರೆ ಕೈಹಾಕದೆ ಸುಮ್ಮನೆ ಬಿಡಬೇಕು, ಮತ್ತೆ ಅರಳುತ್ತದೆ. ಮೀನಿಗೆ ಚುಕ್ಕಿರೋಗ ಬಂತೆಂದು ತಾಮ್ರ ಸೇರಿದ ಔಷಧಿ ಅದೇ ಟ್ಯಾಂಕಿಗೆ ಹಾಕಿದರೆ ಮೀನು ಉಳಿದೀತು, ಹವಳ ಉಳಿಯದು. ತಾಮ್ರದ ಚೊಂಬಿನಲ್ಲಿ ನೀರು ಹೊಯ್ಯುವುದೂ ಬೇಡ. ಅಕ್ಕಪಕ್ಕ ಒತ್ತಿ ಕೂರಿಸಿದರೆ ಇವು ಒಂದಕ್ಕೊಂದು ವಿಷ ಕಾರಿ ಜಗಳವಾಡುತ್ತವೆ. ಮಧ್ಯೆ ಗೇಣಿನಷ್ಟು ಜಾಗ, ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಜಗಳ ತಣ್ಣಗಿರುತ್ತದೆ.

ಒಂದು ಎಚ್ಚರಿಕೆಯನ್ನಂತೂ ಎಲ್ಲ ಅಂಗಡಿಯವರೂ ಗಿರಾಕಿಗೆ ಹೇಳಲೇಬೇಕು. ಮೆತ್ತನೆ ಹವಳದ ಜೊತೆಗೇ ಮಾರುವ ಗುಂಡಿಯಾಕಾರದ ಪಾಲಿಥೋವಾ ಎಂಬ ಜಾತಿಯಲ್ಲಿ ಕೆಲವಕ್ಕೆ ಭಯಂಕರ ವಿಷವಿದೆ. ಹವಾಯಿಯ ವಿಜ್ಞಾನಿಗಳು 1971ರಲ್ಲಿ ಬೇರ್ಪಡಿಸಿದ ಪಾಲಿಟಾಕ್ಸಿನ್ ಎಂಬ ವಿಷ ಅದು. ಅಂಥ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ, ಬ್ರಷ್ಷಿನಲ್ಲಿ ಉಜ್ಜಿ ತೊಳೆಯಲು ಹೊರಟು, ಅದರ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಬಾರದು. ಮಕ್ಕಳ ಕೈಗಂತೂ ಕೊಡಲೇಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇನ್ನೊಂದು ಎಲ್ಲಿಂದ?

ಕಡಲಿನಿಂದ ಕಿತ್ತು ತರುವುದು ಒಂದು ದಾರಿ. ಮುರ್ಡೇಶ್ವರದ ಎದುರಿಗೆ ನೇತ್ರಾಣಿ ಇದೆ, ಅಲ್ಲಿ ಹವಳವಿದೆ. ಹಳೇ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪವಂತೂ ನಿಂತಿರುವುದೇ ಹವಳದ ಮೇಲೆ. ಆದರೆ ಆ ಹವಳದ ಪಾಡು ಈಗಾಗಲೇ ಸಾಕುಬೇಕಾಗಿದೆ. 1998ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿ ಸತ್ತಿತು. 2010ರಲ್ಲಿ ಮತ್ತೊಮ್ಮೆ, 2016ರಲ್ಲಿ ಮಗದೊಮ್ಮೆ ಅದೇ ಪೆಟ್ಟು ಬಿತ್ತು. ಮೈಯೊಳಗಿನ ಪಾಚಿ ಸೆಕೆಗೆ ಹೊರಟುಹೋದರೆ ಹವಳಕ್ಕೆ ಉಪವಾಸವೇ ಗತಿ. ಪೆಟ್ಟು ತಿಂದವನ ಜೇಬಿಗೆ ಕೈಹಾಕುವುದು ಯಾವ ಊರಿನ ನ್ಯಾಯ?

ಕಾನೂನೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಕೊಳವೆ ಹವಳ, ಸಮುದ್ರದ ಬೀಸಣಿಗೆ ಇವನ್ನೆಲ್ಲ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಸಿಕ್ಕಿಬಿದ್ದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಜೈಲು. “ನಂದು ಮೆತ್ತನೆ ಹವಳ, ಅಣಬೆ ಜಾತಿ, ಅದರ ಹೆಸರು ಆ ಪಟ್ಟಿಯಲ್ಲಿ ಸೇರಲಿಲ್ಲ” ಎಂದು ಧಣಿಗಳು ವಾದಿಸಬಹುದು. ವಾದ ಸರಿಯೇ. ಆದರೆ ಅದು ಅಂಟಿಕೊಂಡಿರುವ ಕಲ್ಲು ಯಾವುದು? ಕಡಲಿಂದ ಒಡೆದು ತಂದ ಗಟ್ಟಿ ಹವಳದ ತುಂಡಾಗಿದ್ದರೆ? ಸತ್ತ ಹವಳವೂ ಕಾಯಿದೆಗೆ ಹವಳವೇ.

ಎರಡನೆಯ ದಾರಿ ಸುಲಭದ್ದು, ಮರ್ಯಾದೆಯದ್ದು. ಮೆತ್ತನೆ ಹವಳವನ್ನು ಟ್ಯಾಂಕಿನಲ್ಲೇ ಬೆಳೆಸಬಹುದು. ಚೆನ್ನಾಗಿ ಬೆಳೆದ ಅಣಬೆ ಹವಳದ ಒಂದು ಚೂರನ್ನು ಹರಿತವಾದ ಬ್ಲೇಡಿನಲ್ಲಿ ಕತ್ತರಿಸಿ, ಸಣ್ಣ ಕಲ್ಲಿನ ಮೇಲಿಟ್ಟು, ಬಲೆಬಟ್ಟೆಯನ್ನೋ ರಬ್ಬರ್ ಬ್ಯಾಂಡನ್ನೋ ಸಡಿಲವಾಗಿ ಕಟ್ಟಿದರೆ ಎರಡು ಮೂರು ವಾರದಲ್ಲಿ ಅಂಟಿಕೊಳ್ಳುತ್ತದೆ. ತಾಯಿಯ ಗಾಯವೂ ಮಾಯುತ್ತದೆ. ಝೀನಿಯಾ, ಗ್ರೀನ್ ಸ್ಟಾರ್ ಪಾಲಿಪ್ ಜಾತಿಗಳಿಗಂತೂ ಕತ್ತರಿಯೂ ಬೇಡ. ಹಿತ್ತಿಲಿನ ಕಳೆಯ ಹಾಗೆ ತಾವಾಗಿ ಹಬ್ಬುತ್ತವೆ. ದಾಸವಾಳದ ಗೆಲ್ಲು ಪಕ್ಕದ ಮನೆಯವರಿಗೆ ಮುರಿದು ಕೊಟ್ಟ ಹಾಗೆ ಇದು. ಊರಲ್ಲಿ ಹತ್ತು ಮಂದಿ ಚೆನ್ನಾಗಿ ಸಾಕಿದರೆ ಹನ್ನೊಂದನೆಯವನಿಗೆ ಕಡಲು ಮುಟ್ಟುವ ಪ್ರಮೇಯವೇ ಇಲ್ಲ.

ಹೆಚ್ಚಾಯಿತೆಂದು ಮಾತ್ರ ಅದನ್ನು ಪಣಂಬೂರಿಗೆ ಒಯ್ದು ಕಡಲಿಗೆ ಬಿಡಬಾರದು. ಹವಾಯಿಯಲ್ಲಿ 1972ರಲ್ಲಿ ಮೊದಲು ಕಂಡ ಕ್ಯಾರಿಜೋವಾ ಎಂಬ ಪರಊರಿನ ಮೆತ್ತನೆ ಹವಳ, ಮುಂದೆ ಆಳದ ಕಪ್ಪು ಹವಳದ ಮೇಲೆ ಹಬ್ಬಿ ಅದನ್ನು ಉಸಿರುಕಟ್ಟಿಸಿತು. ಪುಣ್ಯಕ್ಕೆಂದು ಮಾಡಿದ ಕೆಲಸ ಪಾಪವಾದೀತು.

ಹವಳ ಸಾಕುವುದೇ ತಪ್ಪು, ನಿಲ್ಲಿಸಿ ಎಂದು ಹೇಳುವವರಿದ್ದಾರೆ. ಅದು ಅತಿಯಾಯಿತು. ಕಣ್ಣೆದುರು ಅರಳಿ ಮುದುಡುವುದನ್ನು ದಿನಾ ಕಂಡವನೇ ನಾಳೆ ಲಕ್ಷದ್ವೀಪದ ಸುದ್ದಿ ಓದಿ ಮರುಗುವವನು. ಆದರೆ ಮಾರುವವರಿಗೂ ಕೊಳ್ಳುವವರಿಗೂ ಒಂದು ಕಟ್ಟುಪಾಡು ಬೇಕು. “ಇದು ಟ್ಯಾಂಕಿನಲ್ಲಿ ಬೆಳೆದದ್ದಾ, ಕಡಲಿಂದ ಕಿತ್ತದ್ದಾ? ಕಲ್ಲು ಯಾವುದು? ಬಿಲ್ಲು ಉಂಟಾ?” ಎಂದು ಗಿರಾಕಿ ಕೇಳಲಿ. ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವ ಜನಕ್ಕೆ ಇದೇನು ದೊಡ್ಡ ಮಾತಲ್ಲ. ಅಂಗಡಿಯವನೂ ಹಣ ಎಣಿಸಿಕೊಳ್ಳುವ ಮೊದಲು “ನಿಮ್ಮ ಟ್ಯಾಂಕಿಗೆ ಎಷ್ಟು ವಾರ ಆಯ್ತು?” ಎಂದು ಕೇಳಲಿ. ವಾರವೇ ಆಗಲಿಲ್ಲ ಎಂದರೆ “ಮುಂದಿನ ತಿಂಗಳು ಬನ್ನಿ” ಎನ್ನಲಿ. ಅಂಥ ಅಂಗಡಿಗೆ ಒಂದು ವ್ಯಾಪಾರ ತಪ್ಪಿದರೂ ಒಬ್ಬ ಗಿರಾಕಿ ಖಾಯಂ ಆಗುತ್ತಾನೆ.

ಗಲ್ಲಾಪೆಟ್ಟಿಗೆ ಪಕ್ಕದ ಆ ಅಣಬೆ ಎರಡು ತಿಂಗಳಿಗೆ ಕರಗದೆ, ಹತ್ತು ವರ್ಷ ಬಾಳಿ, ಮರಿ ಹಾಕಿ, ಮೂರು ಮನೆಗೆ ಹೋಗಲಿ. ಆಗ ಧಣಿಗಳು “ಜೀವ ಉಂಟು ಅದಕ್ಕೆ” ಎಂದು ಹೇಳಿದ್ದಕ್ಕೂ ಒಂದು ಅರ್ಥ ಬಂದೀತು.