ಟೇಕ್ ಅಂದ್ರೆ ಶ್ರೀಮಂತಿಕೆ, ಹತ್ತು ಅಂದ್ರೆ ಹಳ್ಳಿ ಭಾಷೆನಾ?

ಇಂಗ್ಲಿಷಿನ 'ಟೇಕ್' ನೋಡಿ. ಬಸ್ಸಿಗೂ ಟೇಕ್, ಮಾತ್ರೆಗೂ ಟೇಕ್, ಫೋಟೋಗೂ ಟೇಕ್, ಹೊತ್ತು ಹಿಡಿದರೂ ಟೇಕ್. 'ಸೆಟ್'ಗಂತೂ 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ 430 ಅರ್ಥವಂತೆ! ಎಂಥಾ ಶ್ರೀಮಂತ ಭಾಷೆ ಅಂತ ನಮ್ಮ ಟೆಕ್ಕಿ ಮಿತ್ರರು ಬಾಯಿ ಬಾಯಿ ಬಿಡ್ತಾರೆ.

ಅದೇ ಕೆಲಸ ನಮ್ಮ ಸುಲೇಪೇಟದ 'ಹತ್ತು' ಮಾಡಿದರೆ? ಬಸ್ ಹತ್ತು ಅಂದರೆ ಎಲ್ಲರಿಗೂ ತಿಳೀತದೆ. 'ಚಿಂಚೋಳಿಗಿ ಎಷ್ಟೊತ್ತು ಹತ್ತತದ?', 'ಮನಿ ಕಟ್ಲಾಕ ಎಷ್ಟ್ ರೊಕ್ಕ ಹತ್ತತಾವ?', 'ನಿದ್ದಿ ಹತ್ತವಲ್ದು', 'ಫೋನ್ ಹತ್ತವಲ್ದು' ಅಂದರೆ ಬೆಂಗಳೂರಿನ ಆಫೀಸಿನಲ್ಲಿ ಕಿಸಕ್ಕನೆ ನಗು. (ಲೈನ್ ಸಿಗದ್ದಕ್ಕೆ ಇದಕ್ಕಿಂತ ಚಿಕ್ಕ ಮಾತು ನಿಮ್ಮಲ್ಲಿದ್ದರೆ ಹೇಳಿ ಸ್ವಾಮಿ.)

ಹಳಗನ್ನಡದ 'ಪತ್ತು' ಅಂದರೆ ಅಂಟಿಕೊಳ್ಳು. ಪಾಲು ಹಾಲಾದ ಹಾಗೆ ಅದು 'ಹತ್ತು' ಆಯ್ತು. 'ಮಳಿ ಬರ್ಲಾಕತ್ತದ' ಅನ್ನೋದರಲ್ಲೂ ಅದೇ ಇದೆ: ಬರಲಿಕ್ಕೆ ಹತ್ತಿದೆ. ಕೆಲಸ ನಡೀತಾ ಇದೆ ಅಂತ ಹೇಳೋ ಪಕ್ಕಾ ವ್ಯಾಕರಣ ರೂಪ ಅದು, ನಾಲಿಗೆಯ ತಪ್ಪಲ್ಲ. ಸಾಲಿ ಹುಡುಗ ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾತ್ರ ಕೆಂಪು ಗೆರೆ! ಪುಸ್ತಕದ ಕನ್ನಡವನ್ನೂ ಕಲೀಲಿ, ಬೇಡ ಅಂದವರಾರು? 'ನಿನ್ನದೂ ಸರಿ, ಇಲ್ಲಿ ಮಾತ್ರ ಹೀಗೆ ಬರಿ' ಅನ್ನಲಿಕ್ಕೆ ಮೇಷ್ಟ್ರಿಗೆ ರೊಕ್ಕ ಹತ್ತತಾವೇನು?