ರೋಬೋಟ್ ನೆರವಿನ ಮಂಡಿ ಶಸ್ತ್ರಚಿಕಿತ್ಸೆ: ಅಂದಾಜುಪಟ್ಟಿಯತ್ತ ಒಂದು ನೋಟ

ದಶಕಗಳ ಕಾಲ ಗಲ್ಲಾದ ಹಿಂದೆಯೋ ಯಂತ್ರದ ಮುಂದೆಯೋ ನಿಂತೇ ದುಡಿದ ನಮ್ಮ ಸದಸ್ಯರಲ್ಲಿ ಅನೇಕರಿಗೆ ಇಂದು ಮಂಡಿಯ ಸಂಧಿವಾತವಿದೆ. ಕೀಲು ಬದಲಾವಣೆಗೆ ಆಸ್ಪತ್ರೆಗಳು ನೀಡುವ ಅಂದಾಜುಪಟ್ಟಿಯಲ್ಲಿ ಈಗ ‘ರೋಬೋಟಿಕ್’ ಎಂಬ ಬಾಬ್ತೂ ಕಾಣಿಸಿಕೊಳ್ಳುತ್ತಿದೆ. ಇದನ್ನು ಖರೀದಿ ಬಿಲ್ಲಿನಷ್ಟೇ ಎಚ್ಚರದಿಂದ ಪರಿಶೀಲಿಸಬೇಕೆಂಬುದು ನನ್ನ ಅಭಿಪ್ರಾಯ.

ಕೃತಕ ಕೀಲಿನ ಬೆಲೆಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಮಿತಿ ವಿಧಿಸಿತು. ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು ಜಿಎಸ್‌ಟಿ ಹೊರತಾಗಿ 54,720 ರೂ. ನಿಗದಿಯಾಯಿತು. ರೋಬೋಟ್ ಬಳಕೆಯ ಶುಲ್ಕಕ್ಕೆ ಅಂತಹ ಮಿತಿಯಿಲ್ಲ. ಕೋಟಿಗಳ ಲೆಕ್ಕದ ಯಂತ್ರಕ್ಕೆ ಹೂಡಿದ ಬಂಡವಾಳವನ್ನು ಆಸ್ಪತ್ರೆಯು ರೋಗಿಗಳಿಂದಲೇ ಪಡೆಯಬೇಕಷ್ಟೆ. ಸವಕಳಿಯ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ತಾನೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಯೋಜಿತ ಅಳತೆಗೆ ಮೂಳೆ ಕತ್ತರಿಸಲು ವೈದ್ಯರಿಗೆ ನೆರವಾಗುತ್ತದೆ. ಜೋಡಣೆಯ ನಿಖರತೆ ಹೆಚ್ಚುವುದು ನಿಜ. ಆದರೆ ನುರಿತ ವೈದ್ಯರು ಸಾಂಪ್ರದಾಯಿಕ ವಿಧಾನದಲ್ಲಿ ಅಳವಡಿಸಿದ ಕೀಲಿಗಿಂತ ಇದು ಹೆಚ್ಚು ವರ್ಷ ಬಾಳುವುದೆಂಬುದು ಇನ್ನೂ ಸಾಬೀತಾಗಿಲ್ಲ.

ಇನ್ನು ವಿಮೆಯ ವಿಚಾರ. ರೋಬೋಟಿಕ್ ಶಸ್ತ್ರಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಸೂಚಿಸಿತಾದರೂ, ಉಪಮಿತಿ ಹಾಕಲು ಕಂಪನಿಗಳಿಗೆ ಅವಕಾಶವಿತ್ತಿತು. ಉಪಮಿತಿ ವಿಮಾ ಮೊತ್ತದ ಅರ್ಧದಷ್ಟಿದ್ದರೆ ಐದು ಲಕ್ಷದ ಪಾಲಿಸಿಯಿಂದ ದೊರೆಯುವುದು ಎರಡೂವರೆ ಲಕ್ಷ ಮಾತ್ರ. ಕೀಲು ಬದಲಾವಣೆಗೆ ನಿರೀಕ್ಷಣಾ ಅವಧಿಯೂ ಸಾಮಾನ್ಯ. ಆದುದರಿಂದ ರೋಬೋಟ್ ಸಹಿತ ಹಾಗೂ ರಹಿತವಾದ ಎರಡು ಅಂದಾಜುಪಟ್ಟಿಗಳನ್ನು ಲಿಖಿತವಾಗಿ ಪಡೆದು, ದಾಖಲಾಗುವ ಮುನ್ನವೇ ಎರಡನ್ನೂ ವಿಮಾ ಕಂಪನಿಯ ಮುಂದಿರಿಸಿ ಮಂಜೂರಾಗುವ ಮೊತ್ತವನ್ನು ಕೇಳಿರಿ.